ಹಳೆಯ ಸರ್ವರ್‌ನಲ್ಲಿದ್ದ ಮುಖಗಳು

೧೪, ಮಂಗಳವಾರ

ಬೆಳಿಗ್ಗೆ ಆಸ್ಪತ್ರೆಯ ಲಿನಕ್ಸ್ ಯಂತ್ರಕ್ಕೆ ದಾಖಲೆಗಳನ್ನು ತೋರಿಸುವ ಜಾವಾ ಸರ್ವರ್‌ನ ಹೊಸ ಆವೃತ್ತಿ ಹಾಕಿದೆ. ಒಂದು ದೋಷವೂ ಇಲ್ಲದೆ ಶುರುವಾಯಿತು. ಅದೇ ಉಮೇದಿನಲ್ಲಿ ಹಳೆಯ ಸರ್ವರ್‌ನ ಫೋಲ್ಡರ್ ಅಳಿಸಿಬಿಟ್ಟೆ. ಗುರುತು ಸಿಗದ ಶವಗಳ ಫೋಟೊಗಳೆಲ್ಲ ಅದರೊಳಗೇ ಇದ್ದವು. ನಾಲ್ಕು ವರ್ಷದ ಹಿಂದೆ, ಸದ್ಯಕ್ಕಿರಲಿ ಎಂದು, ಅವು ಅಲ್ಲಿಗೇ ಹೋಗುವಂತೆ ಮಾಡಿದವನು ನಾನೇ. ಬ್ಯಾಕಪ್‌ನಲ್ಲಿ ಬರೀ ಡೇಟಾಬೇಸ್ ಇದೆ: ಸಂಖ್ಯೆ, ದಿನಾಂಕ, ಹೆಣ್ಣೋ ಗಂಡೋ, ಎತ್ತರ.

ಶವಾಗಾರದ ಗುಮಾಸ್ತರು ಫೋನ್ ಮಾಡಿದರು. "ಏನ್ ಸಾರ್ ಇದು, ನಂಬರ್ ಎಲ್ಲಾ ಇದೆ, ಒಂದಕ್ಕೂ ಮುಖಾನೇ ಇಲ್ಲ!"

"ಫೋಟೊ ಮತ್ತೆ ತೆಗೆಯೋಕಾಗಲ್ವಾ?" ಎಂದುಬಿಟ್ಟೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

"ಮಣ್ಣು ಮಾಡಿದ್ಮೇಲೆ ಎಲ್ಲಿಂದ ತೆಗೀಲಿ ಸಾರ್?"

ಮಗಳನ್ನು ಹುಡುಕಿಕೊಂಡು ಪ್ರತಿ ಬುಧವಾರ ಒಬ್ಬ ಹಿರಿಯರು ಬರುತ್ತಿದ್ದರು. ಹೊಸ ಫೋಟೊಗಳನ್ನು ಒಂದೊಂದಾಗಿ ನೋಡಿ, "ಸದ್ಯ, ನಮ್ಮ ಹುಡುಗಿ ಇಲ್ಲ" ಎಂದು ಹೊರಡುತ್ತಿದ್ದರು. ಎರಡು ತಿಂಗಳು ಹಾಸಿಗೆ ಹಿಡಿದಿದ್ದವರು ನಾಳೆ ಮತ್ತೆ ಬರುತ್ತಾರಂತೆ.

"ಈ ಎರಡು ತಿಂಗಳಲ್ಲಿ ಹೆಣ್ಣುಮಕ್ಕಳು ಯಾರೂ ಬಂದಿಲ್ಲ ಅಂದ್ಬಿಡಿ" ಎಂದು ಗುಮಾಸ್ತರಿಗೆ ಹೇಳಿಕೊಟ್ಟಿದ್ದೇನೆ. ಅವರು ಫೋನ್ ಇಟ್ಟರು.

ನಿಜಕ್ಕೂ ಆ ಎರಡು ತಿಂಗಳಲ್ಲಿ ಶವವಾಗಿ ಬಂದ ಹೆಣ್ಣುಮಕ್ಕಳು ಒಂಬತ್ತು ಜನ. ಎತ್ತರಗಳ ಪಟ್ಟಿಯನ್ನು ಮತ್ತೆ ಮತ್ತೆ ಓದುತ್ತಿದ್ದೇನೆ, ಅದರಿಂದ ಒಂದು ಮುಖವಾದರೂ ಮೂಡುತ್ತದೆ ಎಂಬಂತೆ. ನಾಳೆಯೂ ಆ ಹಿರಿಯರು "ಸದ್ಯ" ಎನ್ನುತ್ತಾರೆ.