ಹೊಳೆ ದಾಟದ ದಾರಿ

೧೮ ಡಿಸೆಂಬರ್ ೨೦೨೪, ಬುಧವಾರ, ಸುರಪುರ

ಇವತ್ತೂ ಕಾರಿನ ರಿವರ್ಸ್ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ಉಸ್ಮಾನಸಾಬರ ಗ್ಯಾರೇಜಿನ ಹಿಂದಿನ ಬಯಲಲ್ಲಿ ಪ್ರಾಕ್ಟೀಸ್. ಇಟ್ಟಿಗೆ ಸಾಲಿಗೆ ಹಿಂದಿನಿಂದ ಒಂದು ಗುದ್ದು. ಬೈಯಲಿಲ್ಲ ಅವರು. ಕ್ಲಚ್ ಮೇಲೆ ಕಾಲಿಟ್ಟುಕೊಂಡು ಸಂಸಾರ ಮಾಡಬ್ಯಾಡ್ರಿ ಮೇಡಂ ಅಂದರು, ಅಷ್ಟೆ. ಮುಂದಕ್ಕೆ ಹೋಗುವುದು ಬರುತ್ತದಲ್ಲ, ಸಾಕು. ವಿಜಯಪುರಕ್ಕೆ ಯಾರು ಹಿಂದಕ್ಕೆ ಓಡಿಸಿಕೊಂಡು ಹೋಗುತ್ತಾರೆ?

ಹೌದು, ವಿಜಯಪುರ. ತೀರ್ಮಾನ ಆಗಿದೆ. ಉಮಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಓಡಿಸುವುದು. ಆಕೆಗೆ ಇನ್ನೂ ಹೇಳಿಲ್ಲ.

ಅಲ್ಲಿ ಹಾಸ್ಟೆಲಿನಲ್ಲಿ ಆಕೆಯ ಮಗಳು ಸಪ್ನಾ. ಪಿಯುಸಿ ಮೊದಲ ವರ್ಷ. ಏಪ್ರಿಲ್‌ನಿಂದ ತಾಯಿಯ ಜೊತೆ ಮಾತು ಬಿಟ್ಟಿದ್ದಾಳೆ. ಮಾರ್ಚ್‌ನಲ್ಲಿ ಅಪ್ಪ ಬಸಲಿಂಗ ಎದೆನೋವು ಅಂದವನು ಸಂಜೆಯೊಳಗೆ ಹೋಗೇಬಿಟ್ಟ. ಆಗ ಸಪ್ನಾ ಬೇರೆ ಊರಿನ ಹಾಸ್ಟೆಲಿನಲ್ಲಿ, ಎಸೆಸೆಲ್ಸಿ ಪರೀಕ್ಷೆ. ಮೊದಲ ಪೇಪರ್ ಆಗಿತ್ತು, ಉಳಿದವು ಬಾಕಿ. ಪರೀಕ್ಷೆ ಕೆಡುತ್ತದೆ ಅಂತ ಮನೆಯವರು ಹೇಳಲಿಲ್ಲ. ಎಲ್ಲ ಪೇಪರ್ ಮುಗಿಸಿ ಬಂದಾಗ ಮಣ್ಣಾಗಿ ಎಷ್ಟೋ ದಿನ ಕಳೆದಿತ್ತು. ಅಪ್ಪನ ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಹೊಲದಲ್ಲಿ ಮಣ್ಣು ಮಾಡಿದ ಜಾಗ ತೋರಿಸುತ್ತೇವೆ ಬಾ ಅಂದರೆ ಎದ್ದು ಹೋಗಲಿಲ್ಲ. ವಿಜಯಪುರದ ಸೋದರತ್ತೆಯ ಮನೆಗೆ ಹೋಗಿ ಅಲ್ಲೇ ಹಾಸ್ಟೆಲ್ ಸೇರಿದವಳು ದಸರೆಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ರಿಸಲ್ಟ್ ಭಾರಿ ಬಂತು. ನೋಡ್ರಿ, ಹೇಳದಿದ್ದದ್ದೇ ಚಲೋ ಆತು ಅಂದಿತು ಊರೆಲ್ಲ. ಥೂ.

ಉಮಾ ನನ್ನ ಹೈಸ್ಕೂಲ್ ಗೆಳತಿ. ನಮ್ಮ ಓಣಿಯಲ್ಲೇ ಆಕೆಯ ಟೈಲರಿಂಗ್ ಅಂಗಡಿ. ದಿನಾ ನೋಡುತ್ತಿದ್ದೇನೆ, ದಿನಾ ಒಣಗುತ್ತಿದ್ದಾಳೆ. ಇನ್ನು ನೋಡುತ್ತಾ ಕೂರುವುದು ನನ್ನಿಂದಾಗದು.

೨೧ ಡಿಸೆಂಬರ್, ಶನಿವಾರ

ಹೇಳಿದೆ. ಮಷೀನ್ ನಿಲ್ಲಿಸದೆಯೇ ಬರಂಗಿಲ್ಲ ಅಂದಳು.

ಯಾಕೆ ಅಂದರೆ — ಗಂಡ ಹೋಗಿ ವರ್ಷ ತುಂಬುವ ತನಕ ಹೊಳೆ ದಾಟುವಂತಿಲ್ಲವಂತೆ. ದಾಟಿದರೆ ಸತ್ತವನು ಈ ದಂಡೆಯಲ್ಲೇ ಉಳಿದುಬಿಡುತ್ತಾನಂತೆ, ಮನೆಯ ದಾರಿ ಸಿಗದೆ. ಅವರು ಕೃಷ್ಣಾ ದಂಡೆಯ ಮಂದಿ, ಮೀನು ಹಿಡಿಯುವ ಮನೆತನ. ಇದ್ದರೂ ಇರಬಹುದು ಇಂಥದ್ದೊಂದು. ನಮ್ಮ ಅಪ್ಪ ಬುದ್ಧನ ಫೋಟೋ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೊಸ್ತಿಲ ಹೊರಗೆ ಇಟ್ಟವರು, ನನಗೆ ಇಂಥವು ಅರ್ಥವಾಗುವುದಿಲ್ಲ. ಹಾಗಂತ ನಗಲಿಲ್ಲ. ತುಟಿ ಕಚ್ಚಿಕೊಂಡೆ.

ವಿಜಯಪುರದ ದಾರಿಯಲ್ಲಿ ಹೊಳೆ ಎಲ್ಲಿದೆ ಅಂದೆ. ತಾಳಿಕೋಟಿ ಹತ್ತಿರ ಡೋಣಿ ಹೊಳಿ ಅದ ಅಲ್ಲೇನು ಅಂದಳು. ಅದು ಹಳ್ಳ ಅಂದೆ. ಮಳೆಗಾಲದಾಗ ಬಂದು ನೋಡು, ಹಳ್ಳೋ ಹೊಳಿಯೋ ತಿಳೀತದ ಅಂದಳು. ಮಷೀನ್ ಮತ್ತೆ ಕಟಕಟ.

ಇದೆಲ್ಲ ಅತ್ತೆ ಹಣಮಂತಮ್ಮನ ಕಾರುಬಾರು. ಸಂತೆಯಲ್ಲಿ ಒಣಮೀನು ಮಾರುವ ಮುದುಕಿ. ನಾಲಿಗೆಯೋ, ಮೀನಿನ ಮುಳ್ಳು. ಸೊಸೆಯನ್ನು ಮೂಲೆಗೆ ಕೂರಿಸಿದ್ದಾಳೆ. ಇರಲಿ. ನಾನೂ ಸುಮ್ಮನೆ ಬಿಡುವವಳಲ್ಲ.

೨೨ ಡಿಸೆಂಬರ್, ಭಾನುವಾರ, ಮಧ್ಯಾಹ್ನ

ಮೊಬೈಲಿನಲ್ಲಿ ಮ್ಯಾಪ್ ನೋಡಿ ನೋಡಿ ಕಣ್ಣು ಉರಿ. ಶ್ರೀಮಂತ ಮಗ್ಗುಲಲ್ಲಿ ಕೂತು ಶೇಂಗಾ ಸುಲಿಯುತ್ತಾ ತಮಾಷೆ ನೋಡುತ್ತಿದ್ದಾನೆ. ಗಂಡ ಅಂದರೆ ಇಷ್ಟೇ ಉಪಯೋಗ.

ಹುಟ್ಟಿ ಬೆಳೆದ ಊರು ಎಂಥ ಕಡೆ ಇದೆ ಅಂತ ಇವತ್ತು ಗೊತ್ತಾಯಿತು. ದಕ್ಷಿಣಕ್ಕೆ ಕೃಷ್ಣಾ, ಉತ್ತರಕ್ಕೆ ಭೀಮಾ. ರಾಯಚೂರಿಗೆ ಹೊರಟರೆ ಕೃಷ್ಣಾ ದಾಟಬೇಕು. ಕಲಬುರಗಿಗೆ ಹೊರಟರೆ ಭೀಮಾ. ನಮ್ಮದೇ ಜಿಲ್ಲಾ ಕೇಂದ್ರ ಯಾದಗಿರಿಗೆ ಹೋಗಬೇಕಾದರೂ ಭೀಮಾ! ಗಂಡ ಸತ್ತವಳು ಒಂದು ಪೆನ್ಷನ್ ಅರ್ಜಿಗೂ ಹೋಗುವಂತಿಲ್ಲ ಅಂದಂತಾಯಿತು. ನಡುವೆ ಕಾಲುವೆಗಳು ಬೇರೆ. ಅವು ಲೆಕ್ಕಕ್ಕಿಲ್ಲ ಅಂತ ನಾನೇ ತೀರ್ಪು ಕೊಟ್ಟೆ. ಕಾಲುವೆಯೂ ಹೊಳೆ ಅಂದರೆ ಉಮಾ ತನ್ನ ಅಂಗಡಿಗೆ ದಾರ ತರಲಿಕ್ಕೂ ಹೋಗುವಂತಿಲ್ಲ.

ಚಹಾ ಆದಮೇಲೆ ಸಿಕ್ಕಿತು. ಸಿಕ್ಕೇಬಿಟ್ಟಿತು! ಶಹಾಪುರ — ಜೇವರ್ಗಿ — ಸಿಂದಗಿ — ವಿಜಯಪುರ. ಭೀಮಾ ಬಲಗಡೆ ಉಳಿಯುತ್ತದೆ, ಡೋಣಿ ಎಡಗಡೆ. ನಡುವೆ ನಾವು. ಸಣ್ಣಪುಟ್ಟ ಹಳ್ಳ ಬಿಟ್ಟರೆ ಹೊಳೆಯ ಮುಖವೇ ಇಲ್ಲ. ಸುತ್ತು ಬಹಳ. ಆಗಲಿ, ಕಾರು ನಂದು, ಪೆಟ್ರೋಲೂ ನಂದು.

ಎದುರಿಗೆ ಲಾರಿ ಬಂದು ಹಿಂದಕ್ಕೆ ತಗೋ ಅಂದರೆ ಏನು ಮಾಡುತ್ತೀ ಅಂತ ಶ್ರೀಮಂತನ ಪ್ರಶ್ನೆ. ಲಾರಿಯವನಿಗೆ ರಿವರ್ಸ್ ಬರುತ್ತದಲ್ಲ ಅಂದೆ.

೨೪ ಡಿಸೆಂಬರ್, ಮಂಗಳವಾರ

ಕುಣಿಯುತ್ತಾ ಹೋಗಿ ಹೇಳಿದೆ. ಒಂದೂ ಹೊಳೆ ಇಲ್ಲದ ದಾರಿ ಹುಡುಕಿದ್ದೀನಿ ನೋಡು ಅಂತ. ಉಮಾ ಹಿಗ್ಗುತ್ತಾಳೆ ಅಂದುಕೊಂಡಿದ್ದೆ. ಮುಖ ಸಪ್ಪಗಾಯಿತು. ಎಳ್ಳಮಾಸಿ ಹಬ್ಬ ಮುಗೀಲಿ ಅಂದಳು. ಬ್ಲೌಸು ಭಾಳ ಬಂದಾವ ಅಂದಳು.

ಎಳ್ಳಮಾಸಿಗೆ ಮೊದಲು ಹೋಗೋಣ ಅಂತ ನಾನು ಅಂದೇ ಇರಲಿಲ್ಲ.

೩ ಜನವರಿ ೨೦೨೫, ಶುಕ್ರವಾರ

ಎಳ್ಳಮಾಸಿ ಮುಗಿಯಿತು. ಭಜ್ಜಿ, ಕಡುಬು, ಸಜ್ಜೆ ರೊಟ್ಟಿ ಎಲ್ಲ ಹೊಲದಲ್ಲೇ. ಹೊಟ್ಟೆ ಇನ್ನೂ ಭಾರ. ಬ್ಲೌಸುಗಳೂ ಮುಗಿದವು. ಈಗೇನು? ಈಗ — ಅತ್ತಿ ಒಪ್ಪಂಗಿಲ್ಲ.

ಹೊಳೆಯೇ ಇಲ್ಲದ ದಾರಿಗೆ ಅತ್ತೆಯದೇನು ತಕರಾರು ಅಂದೆ. ಸೂಜಿಗೆ ದಾರ ಪೋಣಿಸತೊಡಗಿದಳು. ಸಿಟ್ಟು ಬಂತು, ಎದ್ದು ಬಂದೆ. ನಾಡಿದ್ದು ಮುದುಕಿಯನ್ನೇ ಕೇಳುವುದು. ಸಂತೆಯಲ್ಲಿ, ನಾಲ್ಕು ಮಂದಿ ಎದುರಿಗೆ. ಆಗಲಿ ಏನಾಗುತ್ತದೋ.

೫ ಜನವರಿ, ಭಾನುವಾರ

ಏನಾಯಿತು ಅಂತ ಬರೆಯಲಿಕ್ಕೂ ನಾಚಿಕೆ.

ಸೆರಗು ಸಿಕ್ಕಿಸಿಕೊಂಡೇ ಹೋಗಿದ್ದೆ. ಹಣಮಂತಮ್ಮ ಸಿಗಡಿ ಅಳೆಯುತ್ತಿದ್ದಳು. ನಿಂತಲ್ಲೇ ಶುರು ಮಾಡಿದೆ. ತಾಯಿ ಮಗಳನ್ನು ಅಗಲಿಸಿ ಏನು ಗಂಟು ಕಟ್ಟಿಕೊಳ್ಳುತ್ತೀರಿ, ಹೊಳೆ ದಾಟಿದರೆ ಏನಾಗುತ್ತದೆ, ಈ ಕಾಲದಲ್ಲೂ ಇಂಥದ್ದು ಅದು ಇದು. ಬಾಯಿಗೆ ಬಂದದ್ದೆಲ್ಲ. ಗಿರಾಕಿಗಳು ತಿರುಗಿ ನೋಡಿದರು. ಮುದುಕಿ ಪೂರ್ತಿ ಕೇಳಿದಳು. ಗಿರಾಕಿಗೆ ಪೊಟ್ಟಣ ಕಟ್ಟಿ ಕೊಟ್ಟಳು. ಆಮೇಲೆ ನನ್ನ ಹೆಸರು ಹಿಡಿದು ಅಂದಳು:

"ಮೀನ ಹಿಡಿಯೋರ ಮನಿ ನಮ್ದು, ದಾನವ್ವ. ವರ್ಷಗಟ್ಲೆ ಹೊಳಿ ದಾಟದಂಗ ಕುಂತರ ಉಣ್ಣೋದು ಏನು?"

ಇಷ್ಟು ಸರಳ ಮಾತು ನನ್ನ ತಲೆಗೆ ಬರಲಿಲ್ಲ. ಮಕ್ಕಳಿಗೆ ಪಾಠ ಹೇಳುವ ತಲೆ!

ಅಂಥ ರಿವಾಜು ಅವರ ಮನೆಯಲ್ಲಿ ಇಲ್ಲವೇ ಇಲ್ಲ. ತಾನೇ ಮಗ ಹೋದ ಮರು ತಿಂಗಳು ಸಿಗಡಿ ತರಲಿಕ್ಕೆ ಆಚೆ ದಂಡೆಗೆ ಹೋಗಿ ಬಂದಳಂತೆ. ದಸರೆಯಿಂದ ಮಗಳ ಹತ್ತಿರ ಹೋಗಿ ಬಾ ಅಂತ ಸೊಸೆಗೆ ಬಡಕೊಳ್ಳುತ್ತಿದ್ದಾಳಂತೆ. ಹೊಳೆಯ ಮಾತು ಉಮಾಳದೇ. ಎಲ್ಲಿಂದ ತಂದಳೋ.

"ಅಕಿ ಹೊಳಿಗಿ ಅಂಜಿಲ್ಲವ್ವ," ಅಂದಳು ಮುದುಕಿ. "ಮಗಳಿಗಿ ಅಂಜ್ಯಾಳ."

ತಪ್ಪಾಯಿತು ಅತ್ತಿ ಅಂದೆ. ಆಗಲಿ ತಗೋ ಅಂದಳು. ನಾಚಿಕೆಗೆ ಒಣಮೀನು ಕೊಂಡು ತಂದೆ. ಶ್ರೀಮಂತ ಮೂಗು ಮುಚ್ಚಿಕೊಂಡು ಹೊರಗೆ ಕೂತಿದ್ದಾನೆ.

ಉಮಾಳ ಅಂಗಡಿಗೆ ಹೋಗಲಿಲ್ಲ. ಹೋಗುವುದೂ ಇಲ್ಲ. ನನಗೂ ಸುಳ್ಳು ಹೇಳಿದಳಲ್ಲ.

೧೨ ಜನವರಿ, ಭಾನುವಾರ

ವಾರವಿಡೀ ಆಕೆಯ ಅಂಗಡಿ ಮುಂದೆ ಮುಖ ತಿರುಗಿಸಿಕೊಂಡೇ ಓಡಾಡಿದೆ. ಇವತ್ತು ತಾನಾಗಿ ಬಂದಳು. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಳು. ಅತ್ತಿ ಹೇಳಿದ್ಳು, ನೀ ಸಂತ್ಯಾಗ ಬಂದಿದ್ದಿ ಅಂತ ಅಂದಳು. ನಾನು ರೊಟ್ಟಿ ಬಡಿಯುತ್ತಾ ಇದ್ದೆ, ನಿಲ್ಲಿಸಲಿಲ್ಲ. ಆಮೇಲೆ ನಿಲ್ಲಿಸಬೇಕಾಯಿತು.

ಸಪ್ನಾಗೆ ಹೇಳುವುದು ಬೇಡ ಅಂದದ್ದು ಹಿರಿಯರು ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಅಲ್ಲ. ಉಮಾಳೇ.

"ಅವತ್ತ ಸಂಜಿಕಿ ಹಾಸ್ಟೆಲಿಂದ ಫೋನ್ ಮಾಡಿದ್ಳು. ಅಕಿ ಅಪ್ಪನ್ನ ಪಡಸಾಲ್ಯಾಗ ಗ್ವಾಡಿಗಿ ಕುಂಡ್ರಿಸಿದ್ರು, ಹಾರ ಹಾಕಿದ್ರು. ಹೆಣ್ಮಕ್ಳು ಅಳಾಕತ್ತಿದ್ರು. ಸುಮ್ಮಿರ್ರಿ ಅಂತ ಕೈ ಮಾಡ್ದೆ. ಎಲ್ಲಾರೂ ಬಾಯಿ ಮುಚ್ಚಿದ್ರು. ಪೇಪರ್ ಚಲೋ ಆಗ್ಯಾದ ಅಂದ್ಳು, ಫೋನ್ ಅಪ್ಪಗ ಕೊಡು ಅಂದ್ಳು. ಗಾಡಿ ಮ್ಯಾಲ ಹೋಗ್ಯಾನ, ಬಂದ್ ಮ್ಯಾಲ ಹೇಳ್ತೀನಿ ಅಂದೆ. ನನ್ನ ದನಿ ಒಂಚೂರೂ ನಡುಗಲಿಲ್ಲ ದಾನೂ."

ಏಪ್ರಿಲ್‌ನಲ್ಲಿ ಬಂದಾಗ ಸಪ್ನಾ ಕೇಳಿದ್ದು ಒಂದೇ ಮಾತಂತೆ. ನಾ ಫೋನ್ ಮಾಡಿದಾಗ ಅಪ್ಪ ಎಲ್ಲಿದ್ದ? ಉಮಾ ಬಾಯಿ ಬಿಡಲಿಲ್ಲ. ಆವತ್ತಿನಿಂದ ಮಗಳೂ ಬಿಟ್ಟಿಲ್ಲ. ಹೋದರೆ ಅದನ್ನೇ ಕೇಳುತ್ತಾಳೆ, ಅದಕ್ಕೇ ಹೊಳೆ ಅಡ್ಡ ತಂದೆ ಅಂದಳು.

ರೊಟ್ಟಿ ಹೊತ್ತಿತ್ತು. ಇಬ್ಬರೂ ಅತ್ತೆವು. ಹೋಗಿ ಉತ್ತರ ಕೊಟ್ಟು ಬಾ ಅಂದೆ. ಬೈದರೆ ಬೈಸಿಕೋ, ಹೊರಗೆ ಹೋಗು ಅಂದರೆ ಹೊರಗೇ ಕೂತಿರು, ನಾನಿದ್ದೀನಿ. ಸೆರಗಿನಿಂದ ಮುಖ ಒರೆಸಿಕೊಂಡು, ಮುಂದಿನ ಭಾನುವಾರ ಅಂದಳು. ಶಹಾಪುರದ ಮೇಲೆ ಹೋಗೋಣ ಅಂದೆ. ಬೇಡ ಅಂದಳು.

"ಡೋಣಿ ದಾರೀಲೇ ನಡಿ. ಸುತ್ತಾಡಿದ್ದು ಸಾಕು."

೧೮ ಜನವರಿ, ಶನಿವಾರ

ಟೈರಿಗೆ ಗಾಳಿ. ಆಯಿಲ್. ಉಸ್ಮಾನಸಾಬರು ಸ್ಟೆಪ್ನಿ ಬದಲಿಸುವುದು ತೋರಿಸಿಕೊಟ್ಟರು. ಅವರೇ ನಕ್ಕು, ಆಗದಿದ್ದರೆ ಫೋನ್ ಮಾಡ್ರಿ ಅಂದರು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದೆ. ನಾನೂ ಬರ್ತೀನಿ, ನಾನು ಓಡಿಸ್ತೀನಿ ಅಂತ ಶ್ರೀಮಂತ ಮೂರು ಸಲ ಅಂದ. ಬೇಡ. ಹೊರಡಿಸಿದ್ದು ನಾನು, ಮುಟ್ಟಿಸುವುದೂ ನಾನೇ.

೧೯ ಜನವರಿ, ಭಾನುವಾರ. ವಿಜಯಪುರ, ಹಾಸ್ಟೆಲ್ ಗೇಟಿನ ಮುಂದೆ, ಕಾರಿನಲ್ಲಿ

ಬಂದು ಮುಟ್ಟಿದೆವು. ಹುಣಸಗಿ ದಾಟುವವರೆಗೆ ಸ್ಟೀರಿಂಗ್ ಹಿಡಿದ ಕೈ ಬೆವರು. ಮುಂದೆ ಸಡಿಲವಾಯಿತು. ಡೋಣಿಯಲ್ಲಿ ನೀರು ಅಂದರೆ ಒಂದು ಎಳೆ. ಸೇತುವೆ ಮೇಲೆ ನಿಧಾನ ಮಾಡಿದೆ, ನಿಲ್ಲಿಸಲೇ ಅಂತ. ನಡಿ ನಡಿ ಅಂದಳು.

ಮಧ್ಯಾಹ್ನ ಆಯಿತು. ವಾರ್ಡನ್ ಒಳಗೆ ಹೋಗಿ ಬಂದು, ಬರುವುದಿಲ್ಲ ಅಂತಿದ್ದಾಳೆ ಅಂದರು. ಕೆಟ್ಟ ಹೆಂಗಸಲ್ಲ, ಅವರಿಗೂ ಸಂಕಟ. ಉಮಾ ಗೇಟಿನ ಪಕ್ಕ ಕಟ್ಟೆಯ ಮೇಲೆ ಕೂತಿದ್ದಾಳೆ. ಊಟ ಮಾಡು ಅಂದೆ, ಅಲ್ಲಾಡಲಿಲ್ಲ. ಬಿಸಿಲು ನೆತ್ತಿಗೆ ಬಂದಿದೆ. ನಾನೂ ಅಲ್ಲಾಡುವುದಿಲ್ಲ. ಕಾರು ಇಲ್ಲೇ. ರಿವರ್ಸ್ ಹೇಗೂ ಬರುವುದಿಲ್ಲ.

ಅದೇ ದಿನ, ಸಂಜೆ

ಬಂದಳು. ಎತ್ತರ ಆಗಿದ್ದಾಳೆ. ಹುಬ್ಬು ಥೇಟ್ ಬಸಲಿಂಗನದು. ತಾಯಿಯಿಂದ ದೂರವೇ ನಿಂತು ಅದನ್ನೇ ಕೇಳಿದಳು, ನಾ ಫೋನ್ ಮಾಡಿದಾಗ ಅಪ್ಪ ಎಲ್ಲಿದ್ದ ಅಂತ.

ಉಮಾ ಎದ್ದು ನಿಂತಳು. ಹೇಳಿದಳು. ಪಡಸಾಲೆ, ಗೋಡೆ, ಹಾರ, ಸುಮ್ಮನಿರಿ ಅಂತ ಕೈ ಮಾಡಿದ್ದು. ಪರೀಕ್ಷೆಯ ನೆಪ ಹೇಳಲಿಲ್ಲ. ನಿನ್ನ ಒಳ್ಳೆಯದಕ್ಕೆ ಅನ್ನಲಿಲ್ಲ. ಒಂದನ್ನೂ ಬಿಡಲಿಲ್ಲ. ಸಪ್ನಾ ನೆಲ ನೋಡುತ್ತಾ ಕೇಳಿದಳು. ಆಮೇಲೆ ತಲೆ ಎತ್ತಿದಳು.

"ಸ್ಪೀಕರ್ ಹಾಕಿದ್ದೇನು? ನನ್ನ ದನಿ ಅಪ್ಪ ಇದ್ದಲ್ಲಿ ಕೇಳ್ತಿತ್ತೇನು?"

ಹೌದು ಅನ್ನು, ಹೌದು ಅನ್ನು ಅಂತ ಒಳಗೇ ಕೂಗಿದೆ. ನಾನಾಗಿದ್ದರೆ ಅಂದುಬಿಡುತ್ತಿದ್ದೆ. ಕೂಸು ಅದೊಂದನ್ನು ಹಿಡಿದುಕೊಂಡು ಬದುಕುತ್ತಿತ್ತು.

"ಇಲ್ಲ," ಅಂದಳು ಉಮಾ. "ಕಿವಿಗಿ ಒತ್ತಿ ಹಿಡ್ಕೊಂಡಿದ್ದೆ."

ಸಪ್ನಾ ತಿರುಗಿ ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ. ಉಮಾ ನಿಂತೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ ವಾರ್ಡನ್ ಜೊತೆ ಸಪ್ನಾ ಮತ್ತೆ ಬಂದಳು, ಹೆಗಲಿಗೆ ಬ್ಯಾಗು. ರಜೆಗೆ ತಾಯಿ ಸಹಿ ಬೇಕಂತೆ. ಉಮಾ ಸಹಿ ಮಾಡಿದಳು. ಹಿಂದಿನ ಸೀಟಿಗೆ ಹತ್ತಿ ಸಪ್ನಾ ನನಗೆ ಹೇಳಿದಳು, ತಾಯಿಗಲ್ಲ:

"ಹೊಲಕ್ಕ ಹೋಗೋಣ ನಡೀರಿ ಚಿಗವ್ವ. ಅಪ್ಪನ ಹಂತ್ಯಾಕ."

ಕತ್ತಲಾಗುತ್ತದೆ, ಇವತ್ತು ಸುರಪುರ, ನಾಳೆ ಬೆಳಿಗ್ಗೆ ಹೊಲ ಅಂದೆ. ಹೂಂ ಅಂದಳು. ತಾಳಿಕೋಟಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಇಷ್ಟು ಬರೆದೆ. ಇಬ್ಬರೂ ಕಾರಿನಲ್ಲೇ ಇದ್ದಾರೆ. ಇನ್ನೂ ಮಾತಿಲ್ಲ.

೨೦ ಜನವರಿ, ಸೋಮವಾರ, ಬೆಳಿಗ್ಗೆ. ಹೊಲದ ಬದುವಿನ ಮೇಲೆ

ಶಾಲೆಗೆ ರಜೆ ಹಾಕಿದೆ. ಹಣಮಂತಮ್ಮ ನಮಗಿಂತ ಮುಂಚೆಯೇ ಬಂದು ಮಣ್ಣಿನ ಮೇಲಿನ ಕಸ ಕಿತ್ತು, ನೀರು ಚಿಮುಕಿಸಿ ಇಟ್ಟಿದ್ದಾಳೆ. ಮೊಮ್ಮಗಳ ಕೆನ್ನೆ ಸವರಿ ಆಚೆ ಸರಿದಳು. ಜೋಳಕ್ಕೆ ತೆನೆ ಬಂದಿದೆ, ಗಿಳಿ ಕಾಟ.

ಸಪ್ನಾ ಚಪ್ಪಲಿ ಬಿಟ್ಟು ಹೋದಳು. ನಾನು ಇಲ್ಲೇ ಕೂತೆ, ಅದು ಅವರ ಮನೆಯವರ ಜಾಗ. ಉಮಾ ನಡುವೆ ನಿಂತಿದ್ದಾಳೆ, ಅತ್ತಲೂ ಇಲ್ಲ ಇತ್ತಲೂ ಇಲ್ಲ. ಹತ್ತಿರ ಹೋಗಲಿಕ್ಕೆ ಧೈರ್ಯವಿಲ್ಲ. ಹೋಗು ಅಂತ ನಾನೂ ಅನ್ನಲಿಲ್ಲ. ಎಲ್ಲವನ್ನೂ ನಾನೇ ತಳ್ಳಲಿಕ್ಕಾಗುತ್ತದೆಯೇ.

ಹುಡುಗಿ ಅಲ್ಲಿ ಕೂತು ಬಹಳ ಹೊತ್ತು ಏನೋ ಮಾತಾಡಿದಳು. ನಮಗೆ ಕೇಳಲಿಲ್ಲ. ಆಮೇಲೆ ಅತ್ತಳು, ದನಿ ತೆಗೆದೇ ಅತ್ತಳು. ಯಾರೂ ಸುಮ್ಮನಿರು ಅನ್ನಲಿಲ್ಲ. ಈಗ ಕಣ್ಣೊರೆಸಿಕೊಂಡು ಒಂದು ಹಿಡಿ ಮಣ್ಣು ಹಾಕಿದಳು. ಇನ್ನೊಂದು ಹಿಡಿ ತುಂಬಿಕೊಂಡಿದ್ದಾಳೆ. ಹಾಕಲಿಲ್ಲ. ಹಿಂದಕ್ಕೆ ತಿರುಗಿ ಆ ಕೈಯನ್ನು ತಾಯಿಯ ಕಡೆ ಚಾಚಿದ್ದಾಳೆ. ಉಮಾ ಸೆರಗು ಒಡ್ಡಲು ಹೋಗಿ ಬಿಟ್ಟು, ಎರಡೂ ಕೈ ಮುಂದೆ ಮಾಡಿ ಆ ಮಣ್ಣು ತಗೊಂಡಳು.