ಟೇಪಿಲ್ಲದ ಬೀಗ

ಮಾರ್ಚ್ 4
ಬೆಳಿಗ್ಗೆಯಿಂದ ಜಲ್ಲಿ ಸಾಗಿಸುವ ರಬ್ಬರ್ ಬೆಲ್ಟಿನ ಜಾಯಿಂಟ್ ಕೆಲಸ. ಜಲ್ಲಿರಾಶಿಯ ಕೆಳಗಿನ ಸುರಂಗದಲ್ಲಿ ಭಾವ, ಜೊತೆಗೆ ಇನ್ನಿಬ್ಬರು. ಕಂಟ್ರೋಲ್ ರೂಮಿನಲ್ಲಿ ನಾನು. ಒಳಗೆ ಹೋಗುವವನು ಮೇನ್ ಸ್ವಿಚ್ಚಿಗೆ ತನ್ನ ಬೀಗ ಹಾಕಿ ಕೀಲಿ ಜೇಬಿಗಿಳಿಸಬೇಕು, ಹೊರಬಂದು ಅವನೇ ತೆಗೆಯಬೇಕು. ಒಂದು ಬೀಗ ಉಳಿದರೂ ಬೆಲ್ಟ್ ತಿರುಗುವುದಿಲ್ಲ. ತಿರುಗಿಸುವ ಮುಂಚೆ ನಾನು ಸೈರನ್ ಹೊಡೆಯಬೇಕು. ಯಾರದೆಂದು ತಿಳಿಯಲು ಬೀಗಕ್ಕೊಂದು ಬಣ್ಣದ ಟೇಪು. ಭಾವನದು ನೀಲಿ.

“ನಿಮ್ಮಕ್ಕನಿಗಿಂತ ಈ ಬೆಲ್ಟೇ ವಾಸಿ ಕಣೋ, ನಿಲ್ಲು ಅಂದ್ರೆ ನಿಲ್ಲುತ್ತೆ. ಕೀಲಿ ಜೇಬಲ್ಲಿರೋವರೆಗೂ ಸೈರನ್ ಕೂಗಿದ್ರೂ ಬೆಲ್ಟ್ ಮೇಲಿಂದ ನಾನು ಏಳಲ್ಲ!” ಅಂದರು ಭಾವ.

ಅಕ್ಕನಿಗೆ ಚಾಡಿ ಹೇಳಿಯೇ ತೀರುತ್ತೇನೆ.

ಸಂಜೆ ಮೂವರೂ ಬಂದರು, ಬೀಗ ತೆಗೆದರು. ಸ್ವಿಚ್ಚಿನಲ್ಲಿ ಇನ್ನೊಂದು ನೇತಾಡುತ್ತಿತ್ತು. ಟೇಪಿಲ್ಲ. ಯಾರದೂ ಅಲ್ಲ.

ಮಾರ್ಚ್ 5
ಫೋರ್‌ಮನ್ ತಾನೇ ಟಾರ್ಚ್ ಹಿಡಿದು ಸುರಂಗವೆಲ್ಲ ಹುಡುಕಿ ಬಂದ. ನರಪಿಳ್ಳೆ ಇಲ್ಲ. ಕತ್ತರಿಸು ಅಂದ, ಕತ್ತರಿಸಿದೆ. ಇಲ್ಲಿ ನಮ್ಮ ರೆಪ್ಪೆಯ ಮೇಲೂ ಧೂಳು. ಆ ಬೀಗ ಮಾತ್ರ ಆಗತಾನೆ ತೊಳೆದಿಟ್ಟಂತೆ... ಮುಟ್ಟಿದರೆ ಮಂಜುಗಡ್ಡೆ.

ಮಾರ್ಚ್ 6
ಮತ್ತೆ ಇದೆ.

“ಯಾರೋ ಆಟ ಆಡ್ತಿದಾರೆ, ಕಿತ್ತು ಬಿಸಾಕು,” ಎಂದು ಫೋರ್‌ಮನ್ ಸಿಡುಕಿದ. ವಯಸ್ಸಾದ ವೆಲ್ಡರ್ ಒಬ್ಬನೇ ನಗಲಿಲ್ಲ.

“ಬೀಗ ಹಾಕಿ ಒಳಗೆ ಹೋದೋನು ವಾಪಸ್ ಬರ್ಲೇ ಇಲ್ಲ ಅಂದ್ರೆ?”

“ಯಾರು?” ಅಂದೆ.

ವೆಲ್ಡರ್ ಹೆಲ್ಮೆಟ್ ಎತ್ತಿಕೊಂಡು ಎದ್ದುಹೋದ. ಆದರೂ ಕತ್ತರಿಸಿದೆ.

ಮಾರ್ಚ್ 17
ದಿನಾ ಕತ್ತರಿಸುತ್ತಿದ್ದೇನೆ. ಭಯವೂ ಹಳತಾಗುತ್ತದೆ. ಈಗ ಒಳಗೆ ಹೋಗಿ ಹುಡುಕುವುದನ್ನೂ ಬಿಟ್ಟಿದ್ದೇವೆ.

ಭಾವನ ಬೀಗದ ಟೇಪು ಕಿತ್ತುಹೋಗಿದೆ, ನೀಲಿ ಅಂಟಷ್ಟೇ ಉಳಿದಿದೆ. “ಸ್ಟೋರಿಂದ ಒಂದಿಷ್ಟು ತಂದಿಡೋ,” ಅಂದಿದ್ದರು. ಮರೆತೆ. ನಾಳೆ ಹೇಗೂ ಅವರಿಗೆ ರಜೆ. ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ.

ಮಾರ್ಚ್ 18, ಬೆಳಿಗ್ಗೆ
ಟೀ ಕುಡಿದು ಬಂದೆ. ಟೇಪಿಲ್ಲದ ಬೀಗ ನೇತಾಡುತ್ತಿತ್ತು. ಕತ್ತರಿಸಿ ಮೇಜಿನ ಮೇಲೆ ಎಸೆದೆ. ಸೈರನ್ ಹೊಡೆದು ಬೆಲ್ಟ್ ಬಿಟ್ಟೆ. ಶುರುವಿನಲ್ಲಿ ಒಮ್ಮೆ ಜಗ್ಗಿದಂತಾಯಿತು, ಆಮೇಲೆ ಸರಿಹೋಯಿತು.

ಪೆನ್ನು ಬೆರಳಿಗೆ ಅಂಟಿಕೊಳ್ಳುತ್ತಿದೆ. ಒರೆಸಿದರೂ ಹೋಗುತ್ತಿಲ್ಲ. ಮೇಜಿನ ಮೇಲಿನ ಬೀಗದ ತುಂಬ ಧೂಳು. ಇವತ್ತು ಅದು ತಣ್ಣಗೂ ಇರಲಿಲ್ಲ, ಅಲ್ಲವೇ...

ಅಕ್ಕನ ಮೆಸೇಜ್: “ಇವತ್ತು ಡಾಕ್ಟರ್ ಬರಲ್ವಂತೆ. ನಿನ್ನ ಭಾವ ಕೆಲಸಕ್ಕೇ ಬಂದ್ರು ಕಣೋ. ಊಟದ ಡಬ್ಬಿ ಮರೆತಿದಾರೆ, ನಿನ್ನದರಲ್ಲೇ ಕೊಡು.”

ಬೆರಳಿನ ಅಂಟು ನೀಲಿ.

ಸೈರನ್ ಕೇಳಿಸಿರುತ್ತದೆ. ಎದ್ದಿರುತ್ತಾರೆ. ಸೈರನ್ ಕೇಳಿದರೆ ಯಾರಾದರೂ ಎದ್ದೇ—