ಅವ್ವನ ಹೆಸರಿನ ಕಟ್ಟೆ

ಅವ್ವಾ,

ನೀನು ಹೋದ ಮೇಲೆ, ಗಲ್ಲಿಯ ಕೊನೆಗೆ ಕಸ ಚೆಲ್ಲುತ್ತಿದ್ದ ಜಾಗವನ್ನು ಹಸನು ಮಾಡಿ, ಬೇವಿನ ಮರದ ಸುತ್ತ ಕಟ್ಟೆ ಕಟ್ಟಿಸಿದೆವು. ನಿನ್ನ ಹೆಸರನ್ನೇ ಇಟ್ಟೆವು. ಸಂಜೆ ನೀನೂ ಬೀಡಿ ಕಟ್ಟುವ ಹಣಮವ್ವನೂ ರಸ್ತೆಯ ಅಂಚಿಗೆ ಕೂತು ಮಾತಾಡುವಾಗ, ಆಟೋ ಬಂದರೆ ಎದ್ದು ಸರಿಯಬೇಕಾಗುತ್ತಿತ್ತಲ್ಲ, ಅದು ನನ್ನ ಮನಸ್ಸಿನಲ್ಲಿತ್ತು.

ಇವತ್ತು ಉದ್ಘಾಟನೆ. ಹಣಮವ್ವ ಎಲ್ಲರಿಗಿಂತ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿದ್ದಳು. ನವಿ ಪೇಠದ ವ್ಯಾಪಾರಿಗಳು ಬಂದಾಗ ಜಾಗ ಸಾಲಲಿಲ್ಲ. ನಾನೇ ಅವಳ ಹತ್ತಿರ ಹೋಗಿ ಹೇಳಿದೆ.

"ಮಾವಶಿ, ದೊಡ್ಡ ಮಂದಿ ಬಂದಾರ. ಜರಾ ಎದ್ದು ಆ ಕಡೆ ನಿಂದರ್ತೀಯೇನು?"

"ಹೂಂನಪಾ" ಎಂದು ಎದ್ದಳು.

ಆಮೇಲೆ ಭಾಷಣದಲ್ಲಿ, ಈ ಕಟ್ಟೆ ಎಲ್ಲರದು ಎಂದೆ. ಮಂದಿಯ ಹಿಂದೆ ನಿಂತಿದ್ದ ಹಣಮವ್ವನೂ ಚಪ್ಪಾಳೆ ತಟ್ಟಿದಳು.

ಸಂಜೆ ತಡೆಯಲಾರದೆ ಅವಳ ಮನೆಗೆ ಹೋದೆ. "ಬಾ ಮಾವಶಿ, ಕಟ್ಟಿ ಮ್ಯಾಲ ಈಗ ಯಾರೂ ಇಲ್ಲ. ಆರಾಮ ಕುಂದ್ರು ಬಾ" ಎಂದು ಕರೆದೆ.

ಅವಳು ಬೀಡಿ ಕಟ್ಟುತ್ತಲೇ ಹೇಳಿದಳು. "ಯಾರೂ ಇಲ್ಲದಲ್ಲಿ ಕುಂದ್ರಾಕ ನನಗ ಮನಿ ಐತಲ್ಲೋ ತಮ್ಮಾ."

ಸಿಟ್ಟಿನಿಂದೇನೂ ಹೇಳಲಿಲ್ಲ, ಅವ್ವಾ. ಚಹಾ ಮಾಡಿಕೊಟ್ಟಳು. ತಲೆ ಎತ್ತದೆ ಕುಡಿದು ಬಂದೆ.

ನಿನ್ನ ಮಗ,
ಯೋಗಿರಾಜ